ಎಗರುವ ಪಾಠ, ಬಾಗುವ ಪಾಠ

ಕುಳ್ಳಯ್ಯ ಎಂಬುದು ಜನ ಕಟ್ಟಿದ ಅಡ್ಡಹೆಸರಲ್ಲ. ತಾತನ ಹೆಸರು ಉಳಿಯಲಿ ಅಂತ ಅಪ್ಪ ಇಟ್ಟದ್ದು. ತಾತ ಆರಡಿ ಆಳು. ಹೆಸರಿಗೆ ತಕ್ಕ ಹಾಗೆ ನಿಂತುಬಿಟ್ಟವನು ಮೊಮ್ಮಗ. ಹೀಗಿದ್ದೂ ಅವನು ಕಲಿತ ವಿದ್ಯೆ ಬಾಸ್ಕೆಟ್‌ಬಾಲು. ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿಗೆ ಅವನು ಚಿಕ್ಕಂದಿನಲ್ಲಿ ಹಾಲು ಹಾಕಲು ಹೋಗುತ್ತಿದ್ದ. ಅಲ್ಲಿನ ಕೋರ್ಟಿನಲ್ಲಿ ಆಡುತ್ತಿದ್ದ ನೌಕರರಿಗೆ ಒಂದು ದಿನ ಒಬ್ಬ ಆಟಗಾರ ಕಡಿಮೆ ಬಿದ್ದ. "ಕ್ಯಾನು ಕೆಳಗಿಟ್ಟು ಬಾರ್ಲಾ" ಎಂದು ಕರೆದರು. ಅವನು ಇಟ್ಟು ಹೋದ. ದೊಡ್ಡವರ ಕಂಕುಳ ಕೆಳಗೆ ತೂರಿ ತೂರಿ ಚೆಂಡು ಕೊಂಡೊಯ್ಯುವುದರಲ್ಲಿ ಎಷ್ಟು ಮೈಮರೆತನೆಂದರೆ ಆ ಹೊತ್ತು ಕ್ವಾರ್ಟರ್ಸಿನ ಅರ್ಧ ಮನೆಗಳಲ್ಲಿ ಕಾಫಿಗೆ ಹಾಲಿರಲಿಲ್ಲ.

ಮುಂದೆ ಅದೇ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲಕ್ಕಷ್ಟೇ ಇರುವ ಒಂದು ಕೆಲಸ ಸಿಕ್ಕಿತು. ಕಾರ್ಖಾನೆಯ ತಂಡದಲ್ಲಿ ಬಹಳ ಕಾಲ ಆಡಿದ. ಮೊಣಕಾಲು ಹಿಡಿದುಕೊಳ್ಳತೊಡಗಿದ ಮೇಲೆ ಆಡುವುದನ್ನು ಬಿಟ್ಟು ಕಲಿಸುವುದಕ್ಕೆ ಇಳಿದ. ಒಂದು ಸಲಕ್ಕೆ ಒಂದೇ ಮಗು, ಅದೂ ಆ ಮಗುವಿನ ಮನೆಯ ಅಂಗಳದಲ್ಲೇ. "ಹತ್ತು ಐಕ್ಳನ್ನ ಒಟ್ಟಿಗೆ ನಿಲ್ಸಿದ್ರೆ ಹತ್ತೂ ಹಿಂದ್ಗಡೆ ಸಾಲ್ಗೆ ಓಯ್ತವೆ. ಒಬ್ನೇ ಇದ್ರೆ ಎಲ್ಲಿ ಬಚ್ಚಿಟ್ಕತಾನೆ?" ಎಂದು ಕೇಳುತ್ತಿದ್ದ. ಹೆಂಡತಿ ಯಶೋದಮ್ಮ ಮಾತ್ರ, ಇರುವುದು ಒಂದೇ ಚೆಂಡಲ್ಲವೇ, ಅದಕ್ಕೇ ಒಂದೇ ಮಗು ಎನ್ನುತ್ತಿದ್ದಳು. ಅವಳು ಗಂಡನಿಗಿಂತ ಉದ್ದ, ಮಾತು ಅವಳಿಗಿಂತ ಉದ್ದ.

ಹಳೆಯ ಲೂನಾದ ಹ್ಯಾಂಡಲ್ಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ರಿಂಗು, ಬೆನ್ನಿಗೆ ಬಲೆಚೀಲದಲ್ಲಿ ಚೆಂಡು. ಈ ವೇಷದಲ್ಲಿ ಅವನು ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಎಂದು ನಾಲ್ಕು ದಿಕ್ಕಿಗೂ ಓಡಾಡುತ್ತಿದ್ದ. ತೆಂಗಿನ ಮರಕ್ಕೆ ಹಲಗೆ ಕಟ್ಟಿ ರಿಂಗು ಸಿಕ್ಕಿಸಿದರೆ ಕೋರ್ಟು ಸಿದ್ಧ. ದಾರಿಯಲ್ಲಿ ಆ ರಿಂಗನ್ನು ನೋಡಿ ಕೆಲವರು ಗೋಬರ್ ಗ್ಯಾಸಿನ ಸಾಮಾನೇ ಎಂದು ವಿಚಾರಿಸುತ್ತಿದ್ದರು. ಅವನು ಹೌದೆಂದೂ ಅಲ್ಲವೆಂದೂ ಹೇಳದೆ ಗಾಡಿ ಮುಂದಕ್ಕೆ ಬಿಡುತ್ತಿದ್ದ. ಯಾರನ್ನೂ ನಿರಾಸೆಗೊಳಿಸುವ ಸ್ವಭಾವ ಅವನದಲ್ಲ. ಮುಂದೆ ಆದ ಎಡವಟ್ಟಿಗೆಲ್ಲ ಆ ಸ್ವಭಾವವೇ ಕಾರಣ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ನಾಗಮಂಗಲದ ಕಡೆಯ ದೇವಲಾಪುರದ ಚಿಕ್ಕಸ್ವಾಮಿಗೌಡರು ಮಗ ಧರ್ಮೇಂದ್ರನನ್ನು ಕರೆದುಕೊಂಡು ಪಾಂಡವಪುರಕ್ಕೆ ಬಂದರು. ತೆಂಗು, ರಾಗಿ, ಒಂದು ಟ್ರಾಕ್ಟರು, ಎಲ್ಲ ಇದ್ದ ಮನೆ. ಇಲ್ಲದ್ದು ಒಂದೇ, ಮನೆಯಲ್ಲೊಬ್ಬ ಪೊಲೀಸು. ಅವರ ಅಣ್ಣನ ಮಗ ಪೊಲೀಸ್ ಆಯ್ಕೆಗೆ ಹೋಗಿ ಎತ್ತರ ಸಾಲದೆ ವಾಪಸು ಬಂದಿದ್ದ. ತಮ್ಮ ಮಗನಿಗೆ ಹಾಗಾಗಬಾರದು ಎಂಬುದು ಗೌಡರ ಹಟ. ಧರ್ಮೇಂದ್ರ ಒಂಬತ್ತನೇ ಕ್ಲಾಸು ಮುಗಿಸಿದ್ದ. ನೋಡಿದರೆ ಏಳನೆಯದಿರಬೇಕು ಅನ್ನಿಸುತ್ತಿತ್ತು.

"ಟೀವೀಲಿ ನೋಡ್ದೆ ಕಣಯ್ಯ" ಎಂದರು ಗೌಡರು. "ಈ ಆಟ ಆಡೋರೆಲ್ಲ ತೆಂಗಿನ ಮರದಂಗವ್ರೆ. ಆಡಿ ಆಡಿ ಬೆಳ್ದವ್ರೆ. ಇವ್ನನ್ನೂ ಒಸಿ ಬೆಳೆಸ್ಬುಡು."

ಉದ್ದವಿದ್ದವರನ್ನು ಆರಿಸಿಕೊಂಡು ಆಡಿಸುತ್ತಾರೆಯೇ ಹೊರತು ಆಡಿದವರು ಉದ್ದವಾಗುವುದಿಲ್ಲ ಎಂಬ ಮಾತು ಕುಳ್ಳಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗ ಮೂಲೆಯಲ್ಲಿದ್ದ ಚೆಂಡನ್ನು ಎತ್ತಿಕೊಂಡು ನೆಲಕ್ಕೆ ಬಡಿಯತೊಡಗಿದ. ಯಾರೂ ಹೇಳಿಕೊಟ್ಟದ್ದಲ್ಲ. ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ, ಚೆಂಡಿನ ಕಡೆ ನೋಡದೆಯೇ. ಚೆಂಡು ಸಾಕಿದ ನಾಯಿಮರಿಯ ಹಾಗೆ ಅವನ ಕೈಗೇ ಮರಳುತ್ತಿತ್ತು. ಕುಳ್ಳಯ್ಯನ ಬಾಯಿಯಲ್ಲಿದ್ದ ನಿಜ ಹಾಗೇ ಒಳಗೆ ಹೋಯಿತು. ನಿಜ ಹೇಳಿದರೆ ಈ ಹುಡುಗ ಇದೇ ಬಸ್ಸಿಗೆ ದೇವಲಾಪುರಕ್ಕೆ ವಾಪಸು.

"ಎಗರ್ಬೇಕು ಗೌಡ್ರೇ" ಎಂದ. "ದಿನಾ ಎಗರಿ ರಿಂಗು ಮುಟ್ಟಕ್ಕೆ ನೋಡಿದ್ರೆ ಮೈ ಎಳ್ಕತದೆ."

ಗೌಡರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡುವುದು ಬೇಗ ಮುಗಿಯಿತು. "ಮತ್ತೆ ನೀನ್ಯಾಕ್ಲಾ ಇಂಗೇ ಉಳ್ಕಂಡೆ?"

"ನಾನು ಒಸಿ ತಡವಾಗಿ ಸುರು ಮಾಡ್ಬುಟ್ಟೆ ಗೌಡ್ರೇ."

ಅಡುಗೆಮನೆಯಲ್ಲಿ ಯಶೋದಮ್ಮನ ಕೈಯಿಂದ ಲೋಟ ಜಾರಿ ಬಿದ್ದ ಸದ್ದಾಯಿತು. ಅವಳ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಗೌಡರು ಒಪ್ಪಿ ಹೋದರು.

ಆ ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ತಾಲ್ಲೂಕು ಕ್ರೀಡಾಕೂಟಕ್ಕೆ ಕುಳ್ಳಯ್ಯ ಅಂಪೈರಾಗಿ ಹೋಗಿದ್ದ. ಆಟ ಮುಗಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಬಂದು ಎದುರು ನಿಂತಳು. ಮುಖ ನೋಡಲು ಅವನು ಕತ್ತೆತ್ತಬೇಕಾಯಿತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನ ರಮ್ಯ.

"ಸಾರ್, ನಂಗೆ ಈ ಆಟ ಕಲೀಬೇಕು. ಆದ್ರೆ ನಮ್ಮಜ್ಜಿ ಬುಡಲ್ಲ."

"ಯಾಕವ್ವ?"

"ಇನ್ನೂ ಬೆಳ್ದುಬುಡ್ತೀನಂತೆ. ಆಮೇಲೆ ಗಂಡು ಸಿಕ್ಕಲ್ವಂತೆ. ನೀವೇ ಮನೆಗೆ ಬಂದು ಏನಾದ್ರೂ ಒಂದು ಹೇಳಿ ಸಾರ್."

"ಏನ್ ಹೇಳ್ಲಿ?"

"ಸುಳ್ಳು" ಎಂದಳು ರಮ್ಯ, ನೀರು ಕೊಡಿ ಎಂದಷ್ಟು ಸಲೀಸಾಗಿ.

ಅಜ್ಜಿ ಪುಟ್ಟಗೌರಮ್ಮ ಗಂಜಾಂನ ಮನೆಯ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಮನೆಯಲ್ಲಿ ಮಗನಿದ್ದ, ಸೊಸೆಯಿದ್ದಳು. ಆದರೆ ಅಂಗಳದ ಅಂಜೂರದ ಗಿಡಗಳಿಗೆ ನೀರು ಬಿಡುವುದರಿಂದ ಹಿಡಿದು ಮೊಮ್ಮಗಳ ಚಪ್ಪಲಿಯ ಹಿಮ್ಮಡಿ ಎಷ್ಟಿರಬೇಕು ಎಂಬುದರ ತನಕ ಮಾತು ನಡೆಯುತ್ತಿದ್ದದ್ದು ಅವರದೇ.

"ಆಡಿದ್ರೆ ಬೆಳೀತಾರಂತಲ್ಲಪ್ಪ?" ಎಂದು ಕೇಳಿದರು.

ಅಜ್ಜಿಯ ಬೆನ್ನ ಹಿಂದೆ ರಮ್ಯ ಎರಡೂ ಕೈ ಜೋಡಿಸಿ ನಿಂತಿದ್ದಳು. ಕುಳ್ಳಯ್ಯ ಗಂಟಲು ಸರಿಮಾಡಿಕೊಂಡ. "ಇದ್ರಲ್ಲಿ ಎರಡು ಪಾಠ ಅದೆ ಕಣವ್ವ. ಎಗರೋ ಪಾಠ ಒಂದು, ಬಾಗೋ ಪಾಠ ಒಂದು. ಎಗರಿದ್ರೆ ಬೆಳೀತಾರೆ ಅನ್ನೋದು ನಿಜ. ಬಗ್ಗಿ ಚೆಂಡ ನೆಲಕ್ಕೆ ಬಡೀತಾ ಇದ್ರೆ ಬೆಳೆಯೋದು ಅಲ್ಲಿಗೇ ನಿಂತೋಯ್ತದೆ. ನಿಮ್ಮುಡ್ಗೀಗೆ ಬರೀ ಬಾಗೋ ಪಾಠ."

"ಪಡವಲಕಾಯಿಗೆ ಕೆಳಕ್ಕೆ ಕಲ್ಲು ಕಟ್ಟಿದ್ರೆ ಉದ್ದ ಆಯ್ತದಲ್ಲಪ್ಪ? ಇವ್ಳೂ ಅಂಗೇ ಕೆಳಕ್ಕೆ ಎಳ್ಕಂಡು ಉದ್ದ ಆಗ್ಬುಟ್ರೆ?"

ಕುಳ್ಳಯ್ಯನಿಗೆ ಇದು ಹೊಳೆದಿರಲಿಲ್ಲ. "ಅದು ನೇತಾಡ್ತದೆ ಕಣವ್ವ, ಇವ್ಳೇನು ನೇತಾಡಲ್ವಲ್ಲ" ಎಂದ. ಪುಟ್ಟಗೌರಮ್ಮ ಯೋಚಿಸಿದರು. ಒಂದು ಕಡಲೆಕಾಯಿ ಸುಲಿದು ಮುಗಿಯುವ ಹೊತ್ತಿಗೆ ಒಪ್ಪಿದರು. ಎದುರಿಗೆ ಕೂತೇ ನೋಡುತ್ತೇನೆ ಎಂಬ ಷರತ್ತು ಹಾಕಿದರು.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಯಶೋದಮ್ಮ ಮುದ್ದೆ ತೊಳಸುತ್ತಿದ್ದ ಕೋಲು ನಿಲ್ಲಿಸಿದಳು.

"ಅಲ್ಲ ಕಣ್ರೀ, ನಾಗಮಂಗಲದ ಕಡೆಗೊಂದು ಸುಳ್ಳು, ಪಟ್ಣದ ಕಡೆಗೊಂದು ಸುಳ್ಳು ಹೇಳ್ಬುಟ್ಟು ಬಂದಿದ್ದೀರಲ್ಲ, ನಡುವೆ ಬಸ್ಸು ಓಡಾಡ್ತವೆ ಅನ್ನೋದು ಗೊತ್ತಾ?"

"ಅವ್ರು ಯಾಕೆ ಸೇರ್ತಾರೆ ಬುಡು."

ಅವನ ನಿಜವಾದ ಸಂಕಟ ಬೇರೆಯೇ ಇತ್ತು. ಧರ್ಮೇಂದ್ರನಂಥ ಹುಡುಗ ಹುಟ್ಟಿದ್ದೇ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಉದ್ದನೆಯವರ ಕಾಲ ನಡುವೆ ನುಸುಳುವುದಕ್ಕೆ. ರಮ್ಯಳಂಥ ಹುಡುಗಿ ಹುಟ್ಟಿದ್ದೇ ರಿಂಗಿನ ಕೆಳಗೆ ಕೈ ಚಾಚಿ ನಿಂತು ಬಂದ ಚೆಂಡನ್ನೆಲ್ಲ ಬಾಚಿಕೊಳ್ಳುವುದಕ್ಕೆ. ಈಗ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದು, ಕುಪ್ಪಳಿಸಿದರೂ ರಿಂಗಿಗೆ ಮೊಳ ದೂರವಿರುವ ಹುಡುಗನನ್ನು ಎಗರಿಸಬೇಕು. ನಿಂತಲ್ಲಿಂದಲೇ ರಿಂಗಿನ ಹತ್ತಿರ ಕೈ ಹೋಗುವ ಹುಡುಗಿಯನ್ನು ಬಗ್ಗಿಸಬೇಕು. ದೇವಲಾಪುರದಲ್ಲಿ ಗೌಡರು ಕೊಟ್ಟಿಗೆಯ ಮುಂದೆ ಮಂಚ ಹಾಕಿಕೊಂಡು ಕಾಯುತ್ತಿದ್ದರು. ಹುಡುಗ ಆಸೆ ತಡೆಯಲಾರದೆ ಒಮ್ಮೆ ಬಗ್ಗಿ ಚೆಂಡು ಬಡಿದರೆ ಸಾಕು, "ಯಾಕ್ಲಾ ಬಗ್ತೀಯ? ಎಗರ್ಲಾ ಮ್ಯಾಕೆ!" ಎಂದು ಕೂಗು. ಗಂಜಾಂನಲ್ಲಿ ರಮ್ಯ ಮೈ ಕೊಂಚ ನೆಟ್ಟಗೆ ಮಾಡಿದರೆ ಜಗಲಿಯಿಂದ, "ಏಯ್, ನೆಲ ನೋಡು ನೆಲ!" ಎಂದು ಕೂಗು. ರಮ್ಯ ಸೊಂಟ ಹಿಡಿದುಕೊಂಡು ಅಂಜೂರದ ಗಿಡಗಳ ನಡುವೆ ಸುತ್ತು ಹಾಕುತ್ತಾ, "ಸಾರ್, ನಾನು ಆಟ ಕಲೀತಿದ್ದೀನೋ ಕಳೆ ಕೀಳ್ತಿದ್ದೀನೋ?" ಎಂದು ಪಿಸುಗುಟ್ಟುತ್ತಿದ್ದಳು. "ಸುಳ್ಳು ಹೇಳಿ ಅಂದೋಳು ನೀನೇ ಕಣವ್ವ" ಎಂದು ಕುಳ್ಳಯ್ಯ ಅಷ್ಟೇ ಮೆಲ್ಲಗೆ ಹೇಳುತ್ತಿದ್ದ.

ಇಷ್ಟೆಲ್ಲ ಆದರೂ ಮಕ್ಕಳ ಮೈ ಇವನ ಮಾತು ಕೇಳಲಿಲ್ಲ. ವರ್ಷ ತಿರುಗುವ ಹೊತ್ತಿಗೆ ಕೊಟ್ಟಿಗೆಯ ಕಂಬದ ಮೇಲೆ ಗೌಡರು ಮಗನ ಎತ್ತರಕ್ಕೆ ಇದ್ದಿಲಿನಲ್ಲಿ ಎಳೆಯುತ್ತಿದ್ದ ಗೀಟು ಇದ್ದಲ್ಲೇ ಇತ್ತು. ಗಂಜಾಂನಲ್ಲಿ ರಮ್ಯ ಬಾಗಿಲು ದಾಟುವಾಗ ಮಾವಿನ ತೋರಣ ತಲೆಗೆ ತಾಗಿ ಎಲೆ ಉದುರತೊಡಗಿತು.

ಮರುವರ್ಷ ಕಾರ್ಖಾನೆಯ ಗೆಳೆಯನೊಬ್ಬನ ಮದುವೆಯಾಯಿತು. ಬೀಗರ ಊಟ ಕೆ.ಆರ್. ಪೇಟೆಯ ಹತ್ತಿರ ಹೆಣ್ಣಿನ ಕಡೆಯವರ ತೋಟದಲ್ಲಿ. ಕುಳ್ಳಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಯಶೋದಮ್ಮನ ಜೊತೆ ಹೋದ. ಶಾಮಿಯಾನದ ಬಾಯಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಒಳಗೆ ಮೊದಲನೇ ಸಾಲಿನಲ್ಲಿ ಚಿಕ್ಕಸ್ವಾಮಿಗೌಡರು ಎಲೆಯ ಮುಂದೆ ಕೂತಿದ್ದರು. ಅವರು ಹೆಣ್ಣಿನ ಕಡೆಗೆ ನೆಂಟರು. ಅವರ ಪಕ್ಕದ ಎಲೆಗೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದವರು ಪುಟ್ಟಗೌರಮ್ಮ. ಅವರು ಗಂಡಿನ ಕಡೆಗೆ ನೆಂಟರು.

"ಬಸ್ಸು ಬಂದ್ವು" ಎಂದಳು ಯಶೋದಮ್ಮ.

ಓಡಿಹೋಗಬಹುದಿತ್ತು. ಆದರೆ ಆ ಇಬ್ಬರೂ ಏನು ಮಾತಾಡುತ್ತಾರೆಂಬುದು ತಿಳಿಯದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ. ಅಡುಗೆಯವರ ಕಡೆ ಹೋಗಿ ತಲೆಗೆ ಟವಲು ಸುತ್ತಿಕೊಂಡ. ಬಾಡಿನ ಸಾರಿನ ಬಕೆಟ್ಟು ಹಿಡಿದು ಬಡಿಸುವವರ ಜೊತೆ ಸೇರಿಕೊಂಡ. ಮುಖ ಬಕೆಟ್ಟಿನೊಳಕ್ಕೇ ಇಟ್ಟುಕೊಂಡು ಸಾಲು ಹಿಡಿದು ಬಂದ.

ಹತ್ತಿರ ಬರುವಾಗ ಗೌಡರ ದನಿ ಕೇಳಿತು. "ನಮ್ಮುಡ್ಗ ಬಾಸ್ಕೆಟ್ ಬಾಲ್ ಆಡ್ತಾನೆ ಕಣವ್ವ. ಪಾಂಡವಪುರದಿಂದ ಮೇಷ್ಟ್ರು ಬತ್ತಾನೆ, ಕುಳ್ಳಯ್ಯ ಅಂತ."

"ಅವ್ನೇ ನಮ್ಮುಡ್ಗೀಗೂ!" ಎಂದರು ಪುಟ್ಟಗೌರಮ್ಮ. "ನಿಮ್ಮುಡ್ಗಂಗೆ ಯಾವ ಪಾಠ?"

"ಎಗರೋದು. ಬೆಳೀಲಿ ಅಂತ. ವರ್ಷಾಯ್ತು, ಒಂದು ಬೆರಳೂ ಬೆಳೀಲಿಲ್ಲ."

"ನಮ್ಮುಡ್ಗೀಗೆ ಬಾಗೋದು. ಬೆಳೀದೆ ಇರ್ಲಿ ಅಂತ. ಈಗ ನೋಡಿ, ತೋರಣ ಕಟ್ಟಂಗಿಲ್ಲ!"

ಮುಗಿಯಿತು, ಇನ್ನು ಈ ಶಾಮಿಯಾನದಲ್ಲಿ ಬೇಯುವುದು ಬರೀ ಬಾಡಲ್ಲ ಎಂದುಕೊಂಡ ಕುಳ್ಳಯ್ಯ. ಪುಟ್ಟಗೌರಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಗೌಡರ ಕಡೆ ತಿರುಗಿದರು.

"ಗೌಡ್ರೇ, ಇದು ಮೋಸ ಅಲ್ಲ ಕಣಪ್ಪ. ಪಾಪ, ಅವ್ನು ಉಲ್ಟಾ ತಿಳ್ಕಂಡವ್ನೆ! ಬಗ್ಗಿದ್ರೆ ಬೆಳೆಯೋದು, ಎಗರಿದ್ರೆ ನಿಂತೋಗೋದು. ನನ್ನ ಪಡವಲಕಾಯಿ ಮಾತು ಅವತ್ತೇ ಕೇಳ್ಬೇಕಾಗಿತ್ತು."

"ಅಂಗಂತೀರಾ?"

"ಸಾಕ್ಷಿ ಬೇಕಾ? ಅವ್ನನ್ನೇ ನೋಡಿ. ಹುಟ್ಟಿದಾಗ್ನಿಂದ ಎಗರ್ತಾನೇ ಅವ್ನೆ. ಎಷ್ಟವ್ನೆ ನೋಡಿ!"

ಗೌಡರಿಗೆ ತಟ್ಟನೆ ಬೆಳಕಾಯಿತು. "ಅದಕ್ಕೇ ಮತ್ತೆ!" ಎಂದು ತೊಡೆ ತಟ್ಟಿಕೊಂಡರು. ತಟ್ಟಿದ್ದು ಸಾರಿನ ಕೈಯಾದ್ದರಿಂದ ಪಂಚೆ ಕೆಟ್ಟಿತು.

ಇಷ್ಟರಲ್ಲಿ ಸಾರು ಅಜ್ಜಿಯ ಎಲೆಗೆ ಬಂದಿತ್ತು. ಮುಖ ಮರೆಸಿಕೊಂಡೇ ಹಾಕಿದ ಸಾರು ಎಲೆಯ ಆಚೆ ಬಿತ್ತು. "ಯಾರಪ್ಪ ಇವ್ನು? ಸಾರು ಬಡ್ಸೋನು ಬಗ್ಬೇಕು, ಇವ್ನು ನಿಂತ್ಕಂಡೇ ಬಡುಸ್ತಾವ್ನೆ!" ಎಂದು ಪುಟ್ಟಗೌರಮ್ಮ ಕತ್ತೆತ್ತಿದರು. ಟವಲಿನ ಕೆಳಗಿನ ಮುಖ ನೋಡಿದವರೇ ಸೌಟಿನ ಸಮೇತ ಮಣಿಕಟ್ಟು ಹಿಡಿದುಕೊಂಡರು.

"ಮೇಷ್ಟ್ರೇ! ಕುಂತ್ಕಳಿ ಇಲ್ಲಿ."

ಬಕೆಟ್ಟಿನ ಜೊತೆಗೇ ಅವನು ನೆಲಕ್ಕೆ ಕೂತ. ತಪ್ಪಿಸಿಕೊಳ್ಳುವ ಆಸೆ ಹೋಗಿತ್ತು. ಆಗ ಅವನಿಗೆ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಎರಡು ಮಕ್ಕಳ ಕೈಕಾಲು ಕಟ್ಟಿ ಹಾಕಿದ ಹಾಗೆ ಒಂದು ವರ್ಷ ಕಳೆದಿದ್ದೇನೆ, ಇದು ಸಾಕು ಎಂದುಕೊಂಡ.

"ಗೌಡ್ರೇ, ಅವ್ವಾ, ಇಬ್ರೂ ಕೇಳಿ. ಎಗರಿದ್ರೂ ಬೆಳೆಯಲ್ಲ, ಬಗ್ಗಿದ್ರೂ ನಿಲ್ಲಲ್ಲ. ಈ ಆಟಕ್ಕೂ ಎತ್ತರಕ್ಕೂ ಸಂಬಂಧ್ವೇ ಇಲ್ಲ. ಐಕ್ಳು ಚೆನ್ನಾಗಿ ಆಡ್ತವೆ ಅಂತ ಆಸೆಗೆ ಸುಳ್ಳೇಳ್ಬುಟ್ಟೆ."

ಇಬ್ಬರೂ ಅವನ ಮುಖ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡಿದ್ರಾ?" ಎಂದರು ಪುಟ್ಟಗೌರಮ್ಮ ಗೌಡರಿಗೆ. "ತಪ್ಪು ಮುಚ್ಕಳಕ್ಕೆ ಎಂಗೆ ಕತೆ ಕಟ್ತಾನೆ!"

"ಸಂಬಂಧ್ವೇ ಇಲ್ವಂತೆ!" ಗೌಡರು ನಕ್ಕರು. "ಟೀವೀಲಿ ತೋರ್ಸೋರೆಲ್ಲ ಸುಳ್ಳಾ? ಲೇ ಕುಳ್ಳಯ್ಯ, ತಪ್ಪು ಎಲ್ರೂ ಮಾಡ್ತಾರೆ ಬುಡು. ಇವತ್ತಿಂದ ಪಾಠ ಅದ್ಲುಬದ್ಲು ಮಾಡ್ಬುಡು. ನಮ್ಮುಡ್ಗ ಬಗ್ಲಿ, ಅವ್ರುಡ್ಗಿ ಎಗರ್ಲಿ."

ಕುಳ್ಳಯ್ಯ ಮತ್ತೆ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಗೌಡರು ಹೇಳಿದ ಮಾತು ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹುಡುಗ ಬಗ್ಗಬೇಕು. ಹುಡುಗಿ ಎಗರಬೇಕು. ಅದೇ ತಾನೇ ಅವನು ಮೊದಲ ದಿನದಿಂದ ಬಯಸಿದ್ದು! ಅವನು ಬಾಯಿ ಮುಚ್ಚಿಕೊಂಡ. "ಆಯ್ತು, ತಪ್ಪಾಯ್ತು ಅವ್ವ" ಎಂದು ಕೈಮುಗಿದು ಎದ್ದವನು ಆ ಸಾಲಿನಲ್ಲಿದ್ದವರಿಗೆಲ್ಲ ಕೇಳಿದ್ದಕ್ಕಿಂತ ಹೆಚ್ಚು ಬಾಡು ಹಾಕಿದ. ಆಚೆ ಕಂಬಕ್ಕೊರಗಿ ನಿಂತಿದ್ದ ಯಶೋದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ಪಾಠ ಅದಲುಬದಲಾದದ್ದನ್ನು ಕಣ್ಣಾರೆ ನೋಡಬೇಕೆಂದು ಹಿರಿಯರಿಬ್ಬರೂ ಹಟ ಹಿಡಿದರು. ಮುಂದಿನ ಭಾನುವಾರ ಪಾಂಡವಪುರದ ಕಾರ್ಖಾನೆ ಕೋರ್ಟಿಗೆ ಎರಡು ಕಡೆಯವರೂ ಬಂದರು. ಗೌಡರು ಎಳನೀರು ತಂದಿದ್ದರು. ಪುಟ್ಟಗೌರಮ್ಮ ಒಂದು ಡಬ್ಬಿ ಚಕ್ಕುಲಿ ತಂದಿದ್ದರು. ಹೊಂಗೆಯ ನೆರಳಲ್ಲಿ ಇಬ್ಬರೂ ಚಾಪೆ ಹಾಕಿಕೊಂಡು ಕೂತರು. ಕುಳ್ಳಯ್ಯ ಧರ್ಮೇಂದ್ರನ ಕಿವಿಯಲ್ಲಿ, "ಇವತ್ತು ನಿಂಗೆ ಇಷ್ಟ ಬಂದಂಗೆ ಬಡ್ಕೊಳ್ಲಾ" ಎಂದ. ರಮ್ಯಳಿಗೆ, "ಎಷ್ಟು ಎತ್ರ ಕೈ ಓಯ್ತದೋ ಅಷ್ಟೂ ಎತ್ತವ್ವ" ಎಂದ. ಒಬ್ಬೊಬ್ಬರಿಗೇ ಪಾಠ ಹೇಳುವ ತನ್ನ ಕಟ್ಟಳೆ ಮುರಿದು ಇಬ್ಬರನ್ನೂ ಎದುರುಬದುರು ಬಿಟ್ಟ.

ಹುಡುಗ ಚೆಂಡು ಹಿಡಿದವನೇ ಮೊಣಕಾಲೆತ್ತರಕ್ಕೆ ಬಗ್ಗಿದ. ವರ್ಷವೆಲ್ಲ ಕಟ್ಟಿ ಹಾಕಿದ್ದ ಕರುವಿನ ಹಗ್ಗ ಬಿಚ್ಚಿದ ಹಾಗೆ ಓಡಿದ. ಎಡಕ್ಕೆ ಎಂದು ತೋರಿಸಿ ಬಲಕ್ಕೆ ಹೋದ. ರಮ್ಯ ತಿರುಗುವಷ್ಟರಲ್ಲಿ ಚೆಂಡು ರಿಂಗಿನೊಳಗೆ.

"ನುಗ್ಗಲಾ ಮಗ್ನೇ!" ಗೌಡರು ಚಾಪೆಯ ಮೇಲೆ ಮಂಡಿಯೂರಿದರು.

ಮುಂದಿನ ಸಲ ಅವನು ಅದೇ ದಾರಿಯಲ್ಲಿ ಬಂದು ಚೆಂಡು ಎತ್ತಿ ಎಸೆಯುವಾಗ ರಮ್ಯ ಎಗರಿದಳು. ಅವಳು ಅಷ್ಟೆತ್ತರ ಹೋಗಬಲ್ಲಳೆಂದು ಅವಳಿಗೇ ಗೊತ್ತಿರಲಿಲ್ಲ. ಗಾಳಿಯಲ್ಲಿದ್ದ ಚೆಂಡನ್ನು ಹಣ್ಣು ಕೀಳುವ ಹಾಗೆ ಕಿತ್ತುಕೊಂಡು, ಇಳಿದು, ಮತ್ತೆ ಎಗರಿ ಹಾಕಿದಳು. ಪುಟ್ಟಗೌರಮ್ಮ ಕೂಗಿದ ಕೂಗಿಗೆ ಕ್ವಾರ್ಟರ್ಸಿನ ಕಿಟಕಿಗಳು ತೆರೆದುಕೊಂಡವು.

"ಬುಡ್ಬ್ಯಾಡ ಕಣೇ! ತಲೆ ಮ್ಯಾಲಿಂದ್ಲೇ ಕಿತ್ಕೊ!"

ಆಟ ಮುಗಿಯುವ ಹೊತ್ತಿಗೆ ಹಿರಿಯರಿಬ್ಬರಿಗೂ ಜಗಳ ಹತ್ತಿತ್ತು. ಹುಡುಗ ಅಂಗಿ ಎಳೆದ ಎಂದು ಅಜ್ಜಿ. ಹುಡುಗಿ ಮೊಣಕೈ ಹಾಕಿದಳು ಎಂದು ಗೌಡರು. ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿಯಾಯಿತು. ಎಳನೀರು ಧರ್ಮೇಂದ್ರನಿಗೆ ಮಾತ್ರ ಎಂದಾಯಿತು. ಹೋಗುವಾಗ ಇಬ್ಬರೂ ಬೇರೆ ಬೇರೆಯಾಗಿ ಕುಳ್ಳಯ್ಯನ ಹತ್ತಿರ ಬಂದು ಒಂದೇ ಮಾತು ಕೇಳಿದರು: "ಮುಂದ್ಲ ಬಾನ್ವಾರ ಎಷ್ಟೊತ್ಗೆ?"

ಆಮೇಲೆ ನಡೆದದ್ದರಿಂದ ಪುಟ್ಟಗೌರಮ್ಮನ ಸಿದ್ಧಾಂತ ನಾಲ್ಕು ತಾಲ್ಲೂಕಿನಲ್ಲೂ ಗಟ್ಟಿಯಾಯಿತು. ರಮ್ಯಳಿಗೆ ಹದಿನೇಳಾಗಿತ್ತು, ಬೆಳವಣಿಗೆ ತಾನಾಗಿಯೇ ನಿಂತಿತು. ಧರ್ಮೇಂದ್ರನಿಗೆ ಹದಿನಾರು ತುಂಬಿ ಗಡ್ಡ ಚಿಗುರುವಾಗ ಸ್ವಲ್ಪ ಎತ್ತರವಾದ. "ಪಾಠ ಬದ್ಲಾಯ್ಸಿದ್ದೇ ತಡ!" ಎಂದು ಅಜ್ಜಿ ನಿಮಿಷಾಂಬ ಗುಡಿಯ ಮೆಟ್ಟಿಲ ಮೇಲೆ ಸಿಕ್ಕಿದವರಿಗೆಲ್ಲ ಹೇಳಿದರು. ಕುಳ್ಳಯ್ಯ ಅದನ್ನು ತಿದ್ದಲು ಹೋಗಲಿಲ್ಲ. ಒಂದು ಸಲ ನಿಜ ಹೇಳಿ ಅನುಭವಿಸಿದ್ದು ಅವನಿಗೆ ಸಾಕಾಗಿತ್ತು.

ಅವನಿಗೆ ಆ ದಿನಗಳು ಬಹಳ ಸುಖದವು. ಲೂನಾ ಹತ್ತಿ ಹೊರಟರೆ ಬಾಯಿಯಲ್ಲಿ ಹಾಡು. ಹುಡುಗನಿಗೆ ತಾನು ಆಡುತ್ತಿದ್ದ ಆಟದ ಒಳಗುಟ್ಟನ್ನೆಲ್ಲ ಕೊಟ್ಟ. ಕಣ್ಣು ಒಂದು ಕಡೆ, ಭುಜ ಒಂದು ಕಡೆ, ಚೆಂಡು ಮತ್ತೊಂದು ಕಡೆ. ರಮ್ಯಳಿಗೆ ಹೇಳಿಕೊಡಲು ಒಂದು ತೊಡಕಿತ್ತು. ಅವಳು ಎತ್ತಿದ ಕೈ ತಡೆಯಲು ಅವನ ಕೈ ಸಾಲದು. ಅದಕ್ಕೆ ಯಶೋದಮ್ಮನನ್ನು ಗಂಜಾಂಗೆ ಕರೆದೊಯ್ದು, ಕೈಗೊಂದು ಪೊರಕೆ ಕೊಟ್ಟು, ಎತ್ತಿ ಹಿಡಿದು ಅಡ್ಡ ನಿಲ್ಲು ಎಂದ. "ಮದ್ವೆಯಾದಾಗ್ನಿಂದ ಈ ಕೆಲ್ಸಾನೇ ಮಾಡ್ತಾ ಇವ್ನಿ, ಪೊರ್ಕೆ ಒಂದು ಹೊಸ್ದು" ಎಂದಳು ಅವಳು. ಆದರೆ ಒಂದು ಪಾಠವನ್ನೂ ತಪ್ಪಿಸಲಿಲ್ಲ.

ತೊಂಬತ್ತೇಳರಲ್ಲಿ ರಮ್ಯ ಜಿಲ್ಲೆಯ ತಂಡಕ್ಕೆ ಆಯ್ಕೆಯಾದಳು. ಮಂಡ್ಯದಲ್ಲಿ ನಡೆದ ಪಂದ್ಯಕ್ಕೆ ಪುಟ್ಟಗೌರಮ್ಮ ರೇಷ್ಮೆ ಸೀರೆ ಉಟ್ಟು ಹೋದರು. ಅಲ್ಲಿ ಬೇರೆ ಜಿಲ್ಲೆಗಳ ಹುಡುಗಿಯರನ್ನು ನೋಡಿ ಅವರಿಗೆ ದಿಗಿಲಾಯಿತು. ಅವರಲ್ಲಿ ರಮ್ಯಳೇ ಗಿಡ್ಡ ಎನ್ನಬೇಕು.

"ಇವ್ಕೆಲ್ಲ ಯಾವ ಊರ್ನಲ್ಲಿ ಗಂಡು ಹುಡುಕ್ತಾರೋ ತಾಯಿ" ಎಂದರು. ಸ್ವಲ್ಪ ಹೊತ್ತು ಆಟ ನೋಡಿ, "ಇವ್ಕೇ ಸಿಕ್ಕೋದಾದ್ರೆ ನಮ್ಮುಡ್ಗೀಗೆ ಸಾಲುಗಟ್ಟಿ ಬತ್ತಾರೆ ಬುಡು" ಎಂದು ಸಮಾಧಾನ ಮಾಡಿಕೊಂಡರು. ಆಮೇಲೆ ಗಂಡಿನ ಚಿಂತೆ ಮರೆತು, ರಮ್ಯಳ ಕೈಯಿಂದ ಚೆಂಡು ಕಿತ್ತುಕೊಂಡ ಹುಡುಗಿಗೆ ಗಂಜಾಂನ ಬೈಗುಳದಲ್ಲಿ ಆಯ್ದದ್ದನ್ನು ಬೈದರು. ಅಂಪೈರು ಬಂದು ಅವರಿಗೆ ಕೈ ಮುಗಿದು ಹೋಗಬೇಕಾಯಿತು.

ಧರ್ಮೇಂದ್ರ ತೊಂಬತ್ತೊಂಬತ್ತರಲ್ಲಿ ಪೊಲೀಸ್ ಆಯ್ಕೆಗೆ ಹೋದ. ಓಟದಲ್ಲಿ ಮೊದಲಿಗನಾದ. ಎತ್ತರ ಅಳೆಯುವ ಕಂಬದ ಕೆಳಗೆ ಉಸಿರು ಹಿಡಿದು ನಿಂತರೂ ಸಾಲಲಿಲ್ಲ. ಆ ಸುದ್ದಿ ಕೇಳಿ ಕುಳ್ಳಯ್ಯನ ಎದೆ ಭಾರವಾಯಿತು. ಇನ್ನು ಬಚ್ಚಿಟ್ಟುಕೊಂಡು ಪ್ರಯೋಜನವಿಲ್ಲ, ಬೈಸಿಕೊಂಡು ಬರೋಣ ಎಂದು ತಾನೇ ದೇವಲಾಪುರಕ್ಕೆ ಹೋದ. ಗೌಡರು ಮನೆಯ ಹಿಂದಿನ ಹೊಲದಲ್ಲಿ ಟ್ರಾಕ್ಟರು ನಿಲ್ಲಿಸಿಕೊಂಡು ನಿಂತಿದ್ದರು.

"ಗೌಡ್ರೇ, ಹುಡ್ಗಂಗೆ ಹಿಂಗಾಯ್ತಲ್ಲ" ಎಂದ ಕುಳ್ಳಯ್ಯ, ನೆಲ ನೋಡುತ್ತಾ.

"ಏನಾಯ್ತು? ಓ, ಪೊಲೀಸಾ?" ಗೌಡರು ಕೈ ಬೀಸಿದರು. "ಮೊನ್ನೆ ಕೆ.ಆರ್. ಪೇಟೇಲಿ ಮ್ಯಾಚ್ ನೋಡ್ದಾ? ಮದ್ದೂರ್ ಕಡೆಯ ಆ ತಾಳೆಮರ ಇದ್ನಲ್ಲ, ನಮ್ಮುಡ್ಗ ಅವ್ನ ಕಾಲ್ ಸಂದೀಲಿ ಚೆಂಡು ತೂರುಸ್ಬುಟ್ಟು ಅವ್ನ ಸುತ್ತಿ ಹಿಂದ್ಗಡೆ ಹೋಗಿ ಹಿಡ್ದ! ಆ ತಾಳೆಮರ ಇನ್ನೂ ಚೆಂಡು ಹುಡುಕ್ತಾ ನಿಂತದೆ! ಯಾವ ಇನ್ಸ್‌ಪೆಕ್ಟ್ರು ಮಾಡ್ತಾನೆ ಇದ್ನ? ದೈಹಿಕ ಶಿಕ್ಷಣದ ಕಾಲೇಜ್ಗೆ ಸೇರ್ಕತೀನಿ ಅಂತಾವ್ನೆ, ಸೇರ್ಕಳ್ಲಿ. ಬಾ ಇಲ್ಲಿ, ಈ ಹೊಲ ಮಟ್ಟ ಮಾಡಿಸ್ತಾ ಇವ್ನಿ. ಎಷ್ಟುದ್ದ, ಎಷ್ಟಗಲ ಹೇಳು."

ರಾಗಿ ಬೆಳೆಯುವ ಹೊಲವನ್ನು ಚೆಂಡಿಗಾಗಿ ಮಟ್ಟ ಮಾಡುವ ಮನುಷ್ಯನನ್ನು ಕುಳ್ಳಯ್ಯ ಮೊದಲ ಸಲ ನೋಡುತ್ತಿದ್ದ. ಕಣ್ಣು ಒದ್ದೆಯಾದದ್ದನ್ನು ಟ್ರಾಕ್ಟರಿನ ಧೂಳಿನ ಮೇಲೆ ಹಾಕಿ, ಟವಲಿನಲ್ಲಿ ಒರೆಸಿಕೊಂಡು ಹೊಲದ ನಡುವೆ ಹೋಗಿ ನಿಂತ. ಹೆಜ್ಜೆ ಹಾಕಿ ಅಳತೆ ಗುರುತು ಮಾಡತೊಡಗಿದ. ನಿನ್ನ ಹೆಜ್ಜೆ ಚಿಕ್ಕದು, ಕೋರ್ಟು ಗಿಡ್ಡವಾಗುತ್ತದೆ ಎಂದು ಗೌಡರು ತಕರಾರು ತೆಗೆದರು. ಹಗ್ಗ ತರಿಸಬೇಕಾಯಿತು.

ಟ್ರಾಕ್ಟರಿನ ಸದ್ದಿಗೆ ಊರ ಹೆಂಗಸರು ಬೇಲಿಯ ಹತ್ತಿರ ಬಂದು ನಿಂತರು. ಕುಳ್ಳಯ್ಯ ಮೇಷ್ಟ್ರೂ ಅಲ್ಲೇ ಇರುವುದನ್ನು ಕಂಡು ಒಬ್ಬಳು ಧೈರ್ಯ ಮಾಡಿ ಮಗನನ್ನು ಮುಂದಕ್ಕೆ ತಳ್ಳಿದಳು.

"ಮೇಷ್ಟ್ರೇ, ನಮ್ಮುಡ್ಗ ಸರ್ಯಾಗಿ ಉಣ್ಣಲ್ಲ. ಅದಕ್ಕೆ ಬಗ್ಗೋ ಪಾಠವಾ, ಎಗರೋ ಪಾಠವಾ?"

ಅವಳ ಹಿಂದಿನವಳ ಮಗನಿಗೆ ಉಗ್ಗು. ಅದರಾಚೆಯವಳ ಮಗಳಿಗೆ ಕತ್ತಲೆಂದರೆ ಭಯ. ಇನ್ನೊಬ್ಬಳು ಮಗನನ್ನಲ್ಲ, ಗಂಡನನ್ನೇ ಕಳಿಸಬಹುದೇ ಎಂದು ಕೇಳಿದಳು. ಕುಳ್ಳಯ್ಯ ಗೌಡರ ಕಡೆ ನೋಡಿದ. ಗೌಡರು ಗಂಭೀರವಾಗಿ ತಲೆಯಾಡಿಸಿದರು. ಮಕ್ಕಳ ಕಣ್ಣೆಲ್ಲ ಅವನ ಬೆನ್ನ ಮೇಲಿನ ಚೆಂಡಿನ ಮೇಲಿತ್ತು.

"ಎಲ್ರುನ್ನೂ ಕಳ್ಸಿ ತಾಯಿ" ಎಂದ ಕುಳ್ಳಯ್ಯ. "ಒಬ್ಬೊಬ್ರಾಗಿ."